ಶಾಲೆ ಸುದ್ದಿ ಮನೆ ತಲುಪ್ತಾ ಇಲ್ಲ, ಪೋಷಕರ ಸಭೆಗೆ ಜನ ಬರ್ತಾ ಇಲ್ಲ. ನಿಮ್ಮೂರಲ್ಲಿ ಹೇಗೆ?

ತೆಂಗಿನಗರಿ (ತಿಪಟೂರು ಕಡೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ನನ್ನ ಮಗಳು ಎಂಟನೇ ಕ್ಲಾಸು, ಮಗ ಆರನೇದು. ಇಬ್ಬರೂ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೇ ಹೋಗೋದು. ನಮ್ಮತ್ತೆ ಇವತ್ತಿಗೂ ಅದನ್ನ ಮಿಡ್ಲ್ ಸ್ಕೂಲು ಅಂತಾರೆ. ನಾನು ಮನೇಲಿ ಬಟ್ಟೆ ಹೊಲೀತೀನಿ, ಯಜಮಾನರು ಗೂಡ್ಸ್ ಆಟೋ ಓಡಿಸ್ತಾರೆ. ಶಾಲೆಯ ವಾಟ್ಸಾಪ್ ಗ್ರೂಪು ಇರೋದು ಅವರ ಫೋನಲ್ಲಿ.

ಎನ್‌ಎಂಎಂಎಸ್ ಅಂತ ಒಂದು ಪರೀಕ್ಷೆ ಇದೆ. ಎಂಟನೇ ಕ್ಲಾಸಲ್ಲಿ ಬರೆಯೋದು, ಆಯ್ಕೆಯಾದ್ರೆ ಒಂಬತ್ತನೇ ಕ್ಲಾಸಿಂದ ಸೆಕೆಂಡ್ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಅದಕ್ಕೆ ಆದಾಯ ಪ್ರಮಾಣಪತ್ರ ತನ್ನಿ, ಅರ್ಜಿಗೆ ಶುಕ್ರವಾರ ಕೊನೆ ದಿನ ಅಂತ ಗ್ರೂಪಲ್ಲಿ ಹಾಕಿದ್ರಂತೆ. ನಾನು ನೋಡಿದ್ದು ಭಾನುವಾರ ರಾತ್ರಿ. ಆ ಮೆಸೇಜಿನ ಮೇಲೆ ಗುಲಾಬಿ ಹೂವಿನ ಶುಭೋದಯ, ಕೆಳಗೆ ದೀಪ ಹಚ್ಚಿದ ಶುಭರಾತ್ರಿ, ನಡುವೆ ಯಾರದೋ ಮಗುವಿನ ಬರ್ತ್‌ಡೇಗೆ ಮೂವತ್ತು ಜನರ ಕೇಕಿನ ಚಿತ್ರ. ಎಂಟನೇ ಕ್ಲಾಸಲ್ಲಿ ಹದಿನಾಲ್ಕು ಮಕ್ಕಳಿದ್ದಾರೆ. ಅರ್ಜಿ ಹಾಕಿದ್ದು ಮೂವರು. ಮೂವರ ಮನೇನೂ ಶಾಲೆ ಕಾಂಪೌಂಡಿಗೆ ಅಂಟಿಕೊಂಡಿದೆ, ಮೇಷ್ಟ್ರು ಕೂಗಿ ಹೇಳಿದ್ರಂತೆ. ನನ್ನ ಮಗಳು ಕ್ಲಾಸಿಗೇ ಎರಡನೆಯವಳು. ಇದನ್ನ ಒಂಬತ್ತನೇ ಕ್ಲಾಸಲ್ಲಿ ಬರೆಯೋಕಾಗಲ್ಲ, ಮುಗೀತು.

ಈಗ ನನ್ನ ತಪ್ಪಿನ ವಿಷಯ. ನಾನು ಆ ಶಾಲೆಯ ಎಸ್‌ಡಿಎಂಸಿ, ಅಂದ್ರೆ ಪೋಷಕರೇ ಇರೋ ಶಾಲಾಭಿವೃದ್ಧಿ ಸಮಿತಿ, ಅದರ ಸದಸ್ಯೆ. ಹೌದು, ನಗಿ. ಎರಡು ವರ್ಷದಲ್ಲಿ ನಾನು ಕೂತ ಸಭೆ ಒಂದೇ. ಮಿಕ್ಕಿದ್ದಕ್ಕೆಲ್ಲ ನಡಾವಳಿ ಪುಸ್ತಕ ಮಗನ ಬ್ಯಾಗಲ್ಲಿ ಮನೆಗೆ ಬರುತ್ತೆ, ಪೆನ್ಸಿಲಲ್ಲಿ ಗುರುತು ಹಾಕಿದ ಜಾಗದಲ್ಲಿ ಸೈನ್ ಹಾಕಿ ವಾಪಸ್ ಕಳಿಸ್ತೀನಿ. ಮೊನ್ನೆ ಮೊದಲ ಸಲ ಓದಿದೆ. "ವಂದನಾರ್ಪಣೆಯೊಂದಿಗೆ ಸಭೆಯನ್ನು ಮುಕ್ತಾಯಗೊಳಿಸಲಾಯಿತು" ಅಂತ ಇತ್ತು. ಆ ದಿನ ನಾನು ಮಿಷನ್ ಮುಂದೆ ಕೂತು ಯಾರದೋ ಮದುವೆ ಬ್ಲೌಸಿಗೆ ಹುಕ್ಸ್ ಹಾಕ್ತಿದ್ದೆ.

ಹೋದ ವಾರ ಬುಧವಾರ ಹನ್ನೊಂದೂವರೆಗೆ ಪೋಷಕರ ಸಭೆ ಕರೆದಿದ್ರು. ಅರವತ್ತು ಕುರ್ಚಿ ಹಾಕಿದ್ರು, ಬಂದಿದ್ದು ಒಂಬತ್ತು ಜನ. ಉಳಿದ ಟೀ ನೋಡಿ ಹೆಡ್ ಮೇಷ್ಟ್ರ ಮುಖ ಚಿಕ್ಕದಾಗಿತ್ತು. ಅವರ ಮೇಲೆ ನನಗೆ ಕೋಪ ಇಲ್ಲ, ಒಳ್ಳೇ ಮನುಷ್ಯ. ಆದ್ರೆ ಇದು ಹೀಗೇ ನಡೆದ್ರೆ ಮಗನ ಸಲಾನೂ ಇದೇ ಕಥೆ. ನಿಮ್ಮ ಕಡೆ ಸುದ್ದಿ ಮನೆಗೆ ಹೇಗೆ ಬರುತ್ತೆ? ಸಭೆಗೆ ಜನ ಬರ್ತಾರಾ? ಬಂದ್ರೆ ಯಾಕೆ ಬರ್ತಾರೆ?


ಸುಮ್ನೆ_ಓದೋನು (ಬೆಂಗಳೂರು)

ನಮ್ಮ ಖಾಸಗಿ ಶಾಲೇಲಿ ಸುದ್ದಿ ಸರಿಯಾಗಿ ಬರುತ್ತೆ ಮೇಡಂ. ಆಪ್ ಇದೆ, ಎಸ್‌ಎಂಎಸ್ ಇದೆ, ಇಮೇಲ್ ಇದೆ. ಮೂರರಲ್ಲೂ ಒಂದೇ ಸುದ್ದಿ: ಎರಡನೇ ಕಂತು ಬಾಕಿ ಇದೆ. ಸಭೆ ಅಂದ್ರೆ ಸಾಲಲ್ಲಿ ನಿಂತು, ಪ್ರತಿ ವಿಷಯಕ್ಕೆ ಮೂರು ನಿಮಿಷ, "ಪರವಾಗಿಲ್ಲ ಸಾರ್, ಸ್ವಲ್ಪ ಮಾತು ಜಾಸ್ತಿ" ಅಂತ ಕೇಳಿಸಿಕೊಂಡು ಬರೋದು. ಐದು ವರ್ಷದಿಂದ ಇದೇ ವಾಕ್ಯ. ಬೇರೆ ಅಪ್ಪಂದಿರನ್ನ ಕೇಳಿದೆ, ಅವರ ಮಕ್ಕಳಿಗೂ ಮಾತು ಜಾಸ್ತಿಯಂತೆ.


ಹಳೇಮೇಷ್ಟ್ರು (ಹಾಸನ)

ತಾಯಿ, ನಿಮ್ಮ ಬರಹ ಓದಿದೆ. ಮೂವತ್ತೊಂದು ವರ್ಷ ಪಾಠ ಮಾಡಿ, ಅದರಲ್ಲಿ ಒಂಬತ್ತು ವರ್ಷ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು ನಾನು. ಪುಸ್ತಕವನ್ನು ಮಕ್ಕಳ ಬ್ಯಾಗಿನಲ್ಲಿ ಕಳಿಸಿದ ಪಾಪದಲ್ಲಿ ನನಗೂ ಪಾಲಿದೆ. ಮೇಲಿನಿಂದ "ತಿಂಗಳ ನಡಾವಳಿ ಕಳಿಸಿ" ಎಂದು ಸಂಜೆ ನಾಲ್ಕಕ್ಕೆ ಫೋನು ಬಂದರೆ ನೀವಾದರೂ ಏನು ಮಾಡುತ್ತೀರಿ? ಆದರೂ ತಪ್ಪು ತಪ್ಪೇ.

ಸ್ವಲ್ಪ ಹಿಂದಿನದು ಹೇಳುತ್ತೇನೆ, ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಮೊದಲು ಗ್ರಾಮ ಶಿಕ್ಷಣ ಸಮಿತಿ ಅಂತ ಇತ್ತು. ಅದರಲ್ಲಿ ಊರಿನ ದೊಡ್ಡವರೇ ಇರುತ್ತಿದ್ದರು. ಅವರ ಮಕ್ಕಳು ಪಟ್ಟಣದ ಕಾನ್ವೆಂಟಿನಲ್ಲಿ, ಅವರು ಇಲ್ಲಿ ಸಮಿತಿಯಲ್ಲಿ! ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಶಿಫಾರಸು ಮಾಡಿದ ಮೇಲೆ 2001ರ ಏಪ್ರಿಲ್‌ನಲ್ಲಿ ಆದೇಶ ಬಂತು, ಪ್ರತಿ ಸರ್ಕಾರಿ ಶಾಲೆಗೆ ಒಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಅಧ್ಯಕ್ಷರು ಪೋಷಕರಲ್ಲೇ ಒಬ್ಬರಾಗಬೇಕು. ಆಗ ನಮ್ಮ ಶಾಲೆಗೆ ಅಧ್ಯಕ್ಷೆಯಾದವರು ಹೂ ಮಾರುವ ಒಬ್ಬ ಹೆಣ್ಣುಮಗಳು. ಮೊದಲ ಸಭೆಗೆ ಬಂದವರು ಕುರ್ಚಿಯಲ್ಲಿ ಕೂರಲೇ ಇಲ್ಲ, ಗೋಡೆಗೊರಗಿ ನಿಂತಿದ್ದರು. ಮೂರನೇ ಸಭೆಯಲ್ಲಿ, "ಸಾ, ಹೆಣ್ಮಕ್ಕಳ ಶೌಚಾಲಯಕ್ಕೆ ಒಳಗಿನಿಂದ ಚಿಲಕ ಇಲ್ಲವಲ್ಲ, ಯಾರೂ ನೋಡಿಲ್ವಾ?" ಎಂದು ಕೇಳಿದರು. ನಾವು ಆರು ಜನ ಶಿಕ್ಷಕರು, ಒಬ್ಬರಿಗೂ ಹೊಳೆದಿರಲಿಲ್ಲ.

ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ, ಜಾರಿಗೆ ಬಂದದ್ದು 2010ರ ಏಪ್ರಿಲ್ 1. ಅದರ 21ನೇ ಕಲಂ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. 22ರ ಪ್ರಕಾರ ಶಾಲೆಯ ಅಭಿವೃದ್ಧಿ ಯೋಜನೆ ಬರೆಯಬೇಕಾದವರು ನೀವು. ಇನ್ನೊಂದನ್ನು ಬಹಳ ಜನ ಓದಿಯೇ ಇಲ್ಲ: 24ನೇ ಕಲಂನಲ್ಲಿ ಶಿಕ್ಷಕರ ಕರ್ತವ್ಯಗಳನ್ನು ಹೇಳುವಾಗ, ಪೋಷಕರ ಸಭೆ ನಿಯಮಿತವಾಗಿ ಕರೆದು ಮಗುವಿನ ಹಾಜರಿ, ಕಲಿಕೆ, ಪ್ರಗತಿ ತಿಳಿಸಬೇಕು ಎಂದಿದೆ. ಅಂದರೆ ನಿಮಗೆ ಸುದ್ದಿ ಮುಟ್ಟಿಸುವುದು ಶಾಲೆಯ ಉಪಕಾರವಲ್ಲ, ಕೆಲಸ. ನೀವು ಮಾಡಬೇಕಾದ ಮೊದಲ ಕೆಲಸ ಇಷ್ಟೇ. ಮುಂದಿನ ಸಲ ಪುಸ್ತಕ ಬ್ಯಾಗಿನಲ್ಲಿ ಬಂದರೆ ಸಹಿ ಹಾಕದೆ ವಾಪಸ್ ಕಳಿಸಿ. ಜಗಳ ಬೇಡ. "ಸಭೆಗೆ ಬಂದು ಹಾಕುತ್ತೇನೆ ಸಾರ್" ಎಂದು ಒಂದು ಚೀಟಿ ಇಡಿ.


ಬಿಳಿಜ್ವಾಳ (ಧಾರವಾಡ ಕಡೆ)

ಅಕ್ಕಾರ, ಓದಿ ನಗುನೂ ಬಂತು, ಸಂಕಟನೂ ಆತು.

ಬುಧವಾರ ಹನ್ನೊಂದೂವರಿಗೆ ಯಾರ್ ಬರ್ತಾರ್ರೀ? ಅಷ್ಟೊತ್ತಿಗೆ ಮಂದಿ ಹೊಲದಾಗ ಇರ್ತಾರ. ಸಾಲಿಗೆ ಬಂದ್ರ ಒಂದ ದಿನದ ಪಗಾರ ಹೋತು. ನಮ್ಮೂರಾಗೂ ಹಿಂಗ ಇತ್ತು. ಗುರುಗಳು "ನಿಮ್ಮ ಊರ ಮಂದಿಗೆ ಮಕ್ಕಳ ಮ್ಯಾಲೆ ಕಾಳಜಿನ ಇಲ್ಲ" ಅಂತ ಒಂದ ಸಲ ಅಂದುಬಿಟ್ರು. ನಮ್ಮ ಕಾಕಾ ಎದ್ದು ನಿಂತು, "ಸರ್, ಸೋಮವಾರ ಇಟ್ಟು ನೋಡ್ರಿ" ಅಂದ. ನಮ್ಮ ಕಡೆ ಸೋಮವಾರ ಎತ್ತು ಹೂಡಂಗಿಲ್ಲ, ಬಸವಣ್ಣಗ ಸೂಟಿ. ಟ್ರ್ಯಾಕ್ಟರ್ ಬಂದಾವ ಖರೆ, ಆದರ ರೂಢಿ ಇನ್ನೂ ಐತಿ. ಗುರುಗಳು ಸೋಮವಾರ ಸಂಜೀಕ ಐದಕ್ಕ ಇಟ್ರು. ಕುಂದರಾಕ ಜಾಗಾ ಸಾಲಲಿಲ್ಲ, ಕಟ್ಟಿ ಮ್ಯಾಲೆಲ್ಲ ಮಂದಿ.

ಸುದ್ದಿ ಮುಟ್ಟಸೂದು ಹೆಂಗ ಅಂದ್ರ, ಹನಮಪ್ಪನ ಗುಡಿ ಮೈಕು. ಹಿಂದಿನ ದಿನ ಸಂಜಿ ಒಂದ ಸಲ, ಅವತ್ತ ಮುಂಜಾನೆ ಒಂದ ಸಲ. ವಾಟ್ಸಾಪ್ ಗಂಡಸರ ಕಿಸೇದಾಗ ಇರ್ತೈತಿ, ಮೈಕು ಅಡಗಿ ಮನಿಗೂ ಕೇಳಸ್ತೈತಿ.


ಆರನೇಕ್ಲಾಸ್_ಮೇಡಂ

ಹೆಸರು, ಊರು ಹೇಳಲ್ಲ. ನಾನು ಸರ್ಕಾರಿ ಶಾಲೆ ಶಿಕ್ಷಕಿ, ಆರರಿಂದ ಎಂಟಕ್ಕೆ ವಿಜ್ಞಾನ ಮತ್ತು ಗಣಿತ.

ಎಲ್ಲರೂ ಶಾಲೆಗೆ ಬುದ್ಧಿ ಹೇಳ್ತಿದ್ದೀರಿ, ಸಂತೋಷ. ನನ್ನ ಒಂದು ಬೆಳಿಗ್ಗೆ ಕೇಳಿ. ಒಂಬತ್ತೂವರೆಗೆ ಶಾಲೆ ಸೇರ್ತೀನಿ. ಹಾಲು ಕಾದಿದೆಯಾ ನೋಡಬೇಕು, ವಾರದಲ್ಲಿ ಮೂರು ದಿನ ಅದಕ್ಕೆ ರಾಗಿ ಮಾಲ್ಟ್ ಬೆರೆಸಬೇಕು. ಎಷ್ಟು ಮಕ್ಕಳು ಕುಡಿದ್ರು, ಎಷ್ಟು ಪುಡಿ ಉಳೀತು, ಬರೀಬೇಕು. 2024ರ ಸೆಪ್ಟೆಂಬರಿಂದ ಮೊಟ್ಟೆ ವಾರಕ್ಕೆ ಆರು ದಿನ ಆಯ್ತು. ಮಕ್ಕಳ ದೃಷ್ಟಿಯಿಂದ ತುಂಬಾ ಒಳ್ಳೇದು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಮೊಟ್ಟೆ ಎಣಿಸೋದು, ಬಾಳೆಹಣ್ಣಿನವರ ಪಟ್ಟಿ ಬೇರೆ ಮಾಡೋದು, ಲೆಕ್ಕ ಕಳಿಸೋದು ಯಾರು? ಸ್ಯಾಟ್ಸ್ ಅನ್ನೋ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಕ್ಕಳ ಮಾಹಿತಿ ತುಂಬೋದು ಯಾರು? ಆಧಾರ್ ಹೆಸರಿಗೂ ಶಾಲೆ ದಾಖಲಾತಿ ಹೆಸರಿಗೂ ಒಂದು ಅಕ್ಷರ ವ್ಯತ್ಯಾಸ ಇದ್ರೆ ವಿದ್ಯಾರ್ಥಿವೇತನ ನಿಲ್ಲುತ್ತೆ, ಆಗ ಪೋಷಕರು ಬೈಯೋದು ಯಾರನ್ನ? ಅದೇ ಕಾಯ್ದೆಯ 27ನೇ ಕಲಂನಲ್ಲಿ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನ ಹಾಕಬಾರದು ಅಂತಾನೂ ಇದೆ ಮೇಷ್ಟ್ರೇ, ಅದನ್ನೂ ಓದಿ ಹೇಳಿ.

ನನ್ನ ಫೋನಲ್ಲಿ ಶಾಲೆಗೆ ಸಂಬಂಧಪಟ್ಟ ಗ್ರೂಪುಗಳೇ ಹತ್ತೊಂಬತ್ತು. ಪೋಷಕರ ಗ್ರೂಪಲ್ಲಿ ನಾನು ಮುಖ್ಯವಾದದ್ದು ಹಾಕಿದ ಎರಡು ನಿಮಿಷಕ್ಕೆ ಯಾರೋ ಒಬ್ಬರು ರಾಜಕೀಯದ ವಿಡಿಯೋ ಹಾಕ್ತಾರೆ, ಇನ್ನೊಬ್ಬರು ಅದಕ್ಕೆ ಉತ್ತರ. "ದಯವಿಟ್ಟು ಶಾಲೆ ವಿಷಯ ಮಾತ್ರ" ಅಂತ ಬರೆದ್ರೆ ಅದರ ಕೆಳಗೂ ಇಪ್ಪತ್ತು ಜನ ಹೆಬ್ಬೆಟ್ಟು ಒತ್ತುತ್ತಾರೆ.

ಇನ್ನೊಂದು ಸತ್ಯ. ಒಂದನೇ ಕ್ಲಾಸಿನ ಮಗುವಿಗೆ ಚಪ್ಪಲಿ ಕಳೆದ್ರೆ ಅಜ್ಜಿ ಸಮೇತ ಬರ್ತಾರೆ. ಅದೇ ಮಗು ಏಳಕ್ಕೆ ಬಂದಾಗ ವಾರಕ್ಕೆ ಎರಡು ದಿನ ತಪ್ಪಿಸಿದ್ರೂ ಯಾರೂ ಬರಲ್ಲ. "ದೊಡ್ಡವನಾದ್ನಲ್ಲ ಮೇಡಂ, ಅವನೇ ನೋಡ್ಕೋತಾನೆ" ಅಂತಾರೆ. ಅವನು ದೊಡ್ಡವನಾಗಿರಲ್ಲ. ಭಿನ್ನರಾಶಿ ಅರ್ಥ ಆಗದೆ ಹಿಂದಿನ ಬೆಂಚಲ್ಲಿ ಸುಮ್ಮನೆ ಕೂತಿರ್ತಾನೆ, ಅಷ್ಟೇ. ಹೆಣ್ಣುಮಕ್ಕಳದ್ದು ಬೇರೆ. ಅವರು ತಿಂಗಳಲ್ಲಿ ಮೂರು ದಿನ ಯಾಕೆ ಬರಲ್ಲ ಅಂತ ಅಪ್ಪಂದಿರ ಗ್ರೂಪಲ್ಲಿ ಹೇಗೆ ಬರೀಲಿ?


ತೆಂಗಿನಗರಿ

ಮೇಡಂ, ನಿಮ್ಮ ಕೊನೇ ಸಾಲು ನನ್ನ ತಲೇಲಿ ಕೂತುಬಿಡ್ತು. ಅದಕ್ಕಾದ್ರೂ ತಾಯಂದಿರದ್ದೇ ಒಂದು ಸಭೆ ಬೇಕು ಅಲ್ವಾ?


ಗಡಿಯಕನ್ನಡ (ಕಾಸರಗೋಡು)

ನಮ್ಮದು ಕೇರಳ, ಆದರೆ ಶಾಲೆ ಕನ್ನಡ ಮಾಧ್ಯಮ, ಏಳರವರೆಗೆ. 1956ರಲ್ಲಿ ಗೆರೆ ಎಳೆದು ಆಚೆ ಹಾಕಿದರೂ ಮಕ್ಕಳು ಇವತ್ತಿಗೂ ಕನ್ನಡದಲ್ಲೇ ಓದುವುದು. ಇಲ್ಲಿ ಪಿಟಿಎ, ಅಂದರೆ ಪೋಷಕರ ಮತ್ತು ಅಧ್ಯಾಪಕರ ಸಂಘ, ಗಟ್ಟಿ ಉಂಟು. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಮಹಾಸಭೆ ಕರೆದು ಅಧ್ಯಕ್ಷರನ್ನು ಆರಿಸುತ್ತೇವೆ. ಅದರ ಜತೆ ತಾಯಂದಿರದ್ದೇ ಬೇರೆ ಸಂಘ ಉಂಟು, ಎಂಪಿಟಿಎ ಅಂತ. ಅಕ್ಕ ಕೇಳಿದ್ದು ಅದೇ ಅಲ್ವಾ. ಮಧ್ಯಾಹ್ನದ ಊಟ ರುಚಿ ನೋಡುವುದು, ಶಾಲೋತ್ಸವಕ್ಕೆ ಮಕ್ಕಳಿಗೆ ಬಣ್ಣ ಹಚ್ಚುವುದು ಎಲ್ಲ ಅವರೇ. ಗಂಡಸರು ಪೆಂಡಾಲ್ ಹಾಕಿ ಫೋಟೋಕ್ಕೆ ನಿಲ್ಲುತ್ತಾರೆ.

ಆದರೆ ನಮ್ಮ ಸುದ್ದಿಯ ತೊಂದರೆ ಬೇರೆ ಮಾರಾಯ್ರೆ. ಸುತ್ತೋಲೆ ಬರುವುದು ಮಲಯಾಳದಲ್ಲಿ. ಓದಲಿಕ್ಕೆ ಬರುವವರು ಕೆಲವರು, ಕೇಳಿದರೆ ಅರ್ಥ ಆಗುವವರು ಹಲವರು, ಎರಡೂ ಆಗದವರೂ ಇದ್ದಾರೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮಕ್ಕೆ ಹಾಕಿದ್ದಕ್ಕೆ ಈ ಜಿಲ್ಲೆಯಲ್ಲಿ ಪೋಷಕರು ಮಕ್ಕಳನ್ನು ಕರೆದುಕೊಂಡು ಗೇಟಿನ ಹೊರಗೆ ಕೂತದ್ದು ನೀವು ಪೇಪರಿನಲ್ಲಿ ನೋಡಿರಬಹುದು. ನಮ್ಮಲ್ಲಿ ಒಬ್ಬರು ತಾಯಿ ಇದ್ದಾರೆ, ಬೀಡಿ ಕಟ್ಟುವವರು, ಹುಟ್ಟಿದ್ದು ಮಲಯಾಳ ಮಾತಾಡುವ ಪಯ್ಯನ್ನೂರು ಬದಿ. ಸುತ್ತೋಲೆ ಬಂದ ಕೂಡಲೇ ಅದನ್ನು ಕನ್ನಡದಲ್ಲಿ ಮಾತಾಡಿ ವಾಯ್ಸ್ ಹಾಕುತ್ತಾರೆ. ಬೀಡಿ ಸುತ್ತುವಾಗ ಎಲೆ ಕತ್ತರಿಸುವ ಸದ್ದು ಹಿಂದಿನಿಂದ ಕೇಳುತ್ತದೆ. ನಮ್ಮ ಶಾಲೆಯ ಆಕಾಶವಾಣಿ ಅದು. ಬರೆದದ್ದಕ್ಕಿಂತ ಹೇಳಿದ್ದು ಬೇಗ ಮುಟ್ಟುತ್ತದೆ, ಇದು ನನ್ನ ಅನುಭವ.


ದೂರದೂರಿನ_ಅಪ್ಪ (ಡಲ್ಲಾಸ್ ಹತ್ತಿರ)

ಇಲ್ಲಿಂದ ಎರಡು ಮಾತು. "ಅಮೆರಿಕದಲ್ಲಿ ಹೀಗಿಲ್ಲ" ಅಂತ ಹೇಳೋಕೆ ಬಂದಿಲ್ಲ, ಹೆದರಬೇಡಿ.

ಮಗ ಏಳನೇ ಗ್ರೇಡು. ಇಲ್ಲಿ ನಿಜಕ್ಕೂ ಮಿಡ್ಲ್ ಸ್ಕೂಲ್ ಅಂತಲೇ ಇದೆ, ಆರರಿಂದ ಎಂಟು. ಶುಕ್ರವಾರ ಸಂಜೆ ಪ್ರಿನ್ಸಿಪಾಲರ ಪತ್ರ ಬರುತ್ತೆ, ಬ್ಯಾಂಡಿನವರದ್ದು ಬೇರೆ, ಪಿಟಿಎದು ಬೇರೆ, ಡಿಸ್ಟ್ರಿಕ್ಟಿಂದು ಬೇರೆ. ಪಿಟಿಎ ಇಲ್ಲಿ 1897ರಿಂದ ಇದೆ, ಶುರು ಮಾಡಿದವರು ತಾಯಂದಿರೇ. ವ್ಯವಸ್ಥೆಯೇನೋ ಚೆನ್ನಾಗಿದೆ. ಆದ್ರೆ ಹೋದ ವರ್ಷ ಗಣಿತದ ಮೇಲಿನ ವರ್ಗಕ್ಕೆ ಸೇರಿಸೋ ಫಾರ್ಮು ಅದರಲ್ಲೇ ಎಲ್ಲೋ ಇತ್ತು. ಎಂಟನೇ ಗ್ರೇಡಲ್ಲಿ ಆಲ್ಜೀಬ್ರಾ ಒಂದು ಮುಗಿಸಿದ್ರೆ ಹೈಸ್ಕೂಲ್ ಕೊನೇ ವರ್ಷಕ್ಕೆ ಕ್ಯಾಲ್ಕುಲಸ್ ತಲುಪೋದು ಸುಲಭ, ಅದಕ್ಕೆ ತಯಾರಿ ಆರನೇದರಿಂದಲೇ. ನಾನು ಸಾಫ್ಟ್‌ವೇರಿನವನು, ದಿನಕ್ಕೆ ಇನ್ನೂರು ಮೇಲ್ ನೋಡ್ತೀನಿ, ಇದೊಂದನ್ನ ನೋಡಲಿಲ್ಲ. ನಿಮ್ಮದು ಗುಲಾಬಿ ಹೂವಿನ ಕೆಳಗೆ ಹೂತುಹೋಯ್ತು, ನಮ್ಮದು ಶಾಲೆಗೆ ಹಣ ಕೂಡಿಸೋಕೆ ಕೇಕ್ ಮಾರೋ ಬೇಕ್ ಸೇಲ್ ಸುದ್ದಿ ಕೆಳಗೆ.

ಇನ್ನೊಂದು. ಎಲಿಮೆಂಟ್ರಿಯಲ್ಲಿದ್ದಾಗ ಲೈಬ್ರರಿಗೆ ವಾಲಂಟಿಯರ್ ಆಗಿ ಹೋಗ್ತಿದ್ದೆ, ಮಗ ಓಡಿಬಂದು ಕಾಲು ತಬ್ಬಿಕೊಳ್ತಿದ್ದ. ಈಗ ಶಾಲೆಗೆ ಬಿಡೋವಾಗ ಗೇಟಿಗಿಂತ ಒಂದು ತಿರುವು ಮುಂಚೆಯೇ ಇಳಿಸು ಅಂತಾನೆ. ಕನ್ನಡದಲ್ಲಿ ಜೋರಾಗಿ ಮಾತಾಡಬೇಡ ಅಂತಾನೆ. ಆರರಿಂದ ಎಂಟು ಅಂದ್ರೆ ಮಕ್ಕಳೇ ನಮ್ಮನ್ನ ಬೇಡ ಅನ್ನೋ ವಯಸ್ಸು. ನಾವು ಅದನ್ನೇ ನೆಪ ಮಾಡ್ಕೊಂಡು ಆರಾಮಾಗಿ ಮನೇಲಿ ಕೂರ್ತೀವಿ.


ಸುಮ್ನೆ_ಓದೋನು

ತಿಪಟೂರಿನ ಮೇಡಂಗೆ ಒಂದು ಪ್ರಶ್ನೆ. ಪೋಷಕರನ್ನ ಶಾಲೆಗೆ ಕರೆಯೋದು ಕೊನೆಗೆ ದುಡ್ಡಿಗೇ ಅಲ್ವಾ? 2022ರಲ್ಲಿ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಅಂತ ಸುತ್ತೋಲೆ ಹೊರಡಿಸಿದ್ರಲ್ಲ.


ಹಳೇಮೇಷ್ಟ್ರು

ಹೊರಡಿಸಿದ್ದೂ ನಿಜ, ಅಕ್ಟೋಬರಿನಲ್ಲಿ. ಜನ ಬೈದ ಮೇಲೆ ಕೆಲವೇ ದಿನದಲ್ಲಿ ಹಿಂದೆ ತೆಗೆದುಕೊಂಡದ್ದೂ ನಿಜ. "ಸ್ವಇಚ್ಛೆಯಿಂದ" ಎಂದು ಬರೆದಿತ್ತು. ಆದರೆ ಸ್ವಾಮಿ, ಹಳ್ಳಿಯಲ್ಲಿ ಸ್ವಇಚ್ಛೆ ಎಂದರೆ ಏನು ಎಂದು ಮದುವೆ ಮುಯ್ಯಿ ಬರೆಯುವಲ್ಲಿ ಕೂತವರಿಗೆ ಗೊತ್ತು. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎನ್ನುವುದೇ ಸುದ್ದಿಯಾಗುತ್ತದೆ. ಕೊಡಲಾಗದವರು ಮತ್ತೆ ಶಾಲೆಯ ಕಡೆ ತಲೆ ಹಾಕುವುದಿಲ್ಲ. ನನ್ನ ಮಟ್ಟಿಗೆ ಪೋಷಕರ ಸಭೆಯಲ್ಲಿ ದುಡ್ಡಿನ ಮಾತೇ ಎತ್ತಬಾರದು. ಶ್ರಮದಾನ ಕೇಳಿ, ಗಾರೆ ಕೆಲಸದವರು, ಬಡಗಿಗಳು ತಾವಾಗಿ ಬರುತ್ತಾರೆ. ಮೇಲೆ ಹೇಳಿದ ಚಿಲಕವನ್ನು ಹಾಕಿದ್ದು ಒಬ್ಬ ಹುಡುಗಿಯ ಅಪ್ಪ, ಮರುದಿನವೇ, ತನ್ನದೇ ಸ್ಕ್ರೂ ತಂದು.

ಮೇಡಂ ಅವರಿಗೆ: 27ನೇ ಕಲಂ ಬಗ್ಗೆ ನೀವು ಹೇಳಿದ್ದು ಸರಿ, ನನ್ನ ಕಿವಿ ಹಿಂಡಿದ್ದು ಸರಿ.

ಇನ್ನೊಂದು ನೆನಪಾಯಿತು. ನಮ್ಮ ಕಾಲದಲ್ಲಿ ಗೋಡೆ ಪತ್ರಿಕೆ ಅಂತ ಮಾಡಿಸುತ್ತಿದ್ದೆವು. ಡ್ರಾಯಿಂಗ್ ಶೀಟಿನ ಮೇಲೆ ಏಳನೇ ತರಗತಿಯವರು ಸ್ಕೆಚ್ ಪೆನ್ನಿನಲ್ಲಿ ಬರೆದು ಕಚೇರಿ ಕೋಣೆಯ ಹೊರಗೆ ಅಂಟಿಸುವುದು. ಒಮ್ಮೆ ಮಳೆಗೆ ಗೋಡೆ ಒದ್ದೆಯಾಗಿ, ಅದನ್ನು ಬಿಚ್ಚಿ ಊರಿನ ಹಾಲಿನ ಡೈರಿ ಬಾಗಿಲಿಗೆ ಅಂಟಿಸಿದೆವು. ಅವತ್ತು ತಿಳಿಯಿತು, ಅದುವರೆಗೆ ಅದನ್ನು ಓದುತ್ತಿದ್ದವರು ನಾವು ಶಿಕ್ಷಕರು ಮಾತ್ರ. ಡೈರಿಯ ಮುಂದೆ ಬೆಳಿಗ್ಗೆ ಆರೂವರೆಗೆ ಇಡೀ ಊರು ಕ್ಯಾನು ಹಿಡಿದು ನಿಂತಿರುತ್ತದೆ. ಬೇರೆ ಕೆಲಸವಿಲ್ಲ, ಓದುತ್ತಾರೆ.


ಬಿಳಿಜ್ವಾಳ

ಡೈರಿ ಬಾಗಲಾ! ಮೇಷ್ಟ್ರ, ಇದನ್ನ ಮೊದಲ ಹೇಳಬೇಕಿಲ್ಲೇನ್ರೀ.


ಆರನೇಕ್ಲಾಸ್_ಮೇಡಂ

ಮಕ್ಕಳು ಬರೆದದ್ದಾದ್ರೆ ಇನ್ನೊಂದು ಲಾಭ. ನಾನು ನೋಟೀಸು ಬರೆದ್ರೆ "ಪೋಷಕರ ಗಮನಕ್ಕೆ" ಅಂತಲೇ ಶುರುವಾಗುತ್ತೆ, ಅಲ್ಲಿಗೇ ನಿದ್ದೆ ಬರುತ್ತೆ. ಮಕ್ಕಳು ಬರೆದ್ರೆ ತಮ್ಮ ಮಗ ಏನು ಬರೆದಿದ್ದಾನೆ ನೋಡೋಕಾದ್ರೂ ಬರ್ತಾರೆ. ಆದ್ರೆ ಒಂದು ಎಚ್ಚರಿಕೆ: ಅಂಕ, ಹಾಜರಿ, ಯಾರು ಹಿಂದೆ ಬಿದ್ದಿದ್ದಾರೆ ಅನ್ನೋದನ್ನ ದಯವಿಟ್ಟು ಗೋಡೆ ಮೇಲೆ ಹಾಕಿಸಬೇಡಿ. ಅದು ಅವರವರ ಅಪ್ಪ ಅಮ್ಮನ ಕಿವಿಗೆ ಮಾತ್ರ.


ತೆಂಗಿನಗರಿ (ಐದು ವಾರದ ನಂತರ)

ತಡವಾಗಿ ಬಂದೆ, ಮದುವೆ ಸೀಸನ್ನು, ಮಿಷನ್ ಬಿಟ್ಟು ಏಳೋಕಾಗಿರಲಿಲ್ಲ.

ಪುಸ್ತಕ ಬ್ಯಾಗಲ್ಲಿ ಬಂತು. ಎದೆ ಡವಡವ ಅಂತಿತ್ತು. ಸೈನ್ ಹಾಕಲಿಲ್ಲ, ಮೇಷ್ಟ್ರು ಹೇಳಿದ ಹಾಗೆ ಚೀಟಿ ಇಟ್ಟೆ. ಮಗ ಸಂಜೆ ಬಂದು "ಅಮ್ಮ, ಹೆಡ್ ಮಾಸ್ಟ್ರು ನಿನ್ನ ಚೀಟಿ ಎರಡು ಸಲ ಓದಿದ್ರು" ಅಂದ. ಆ ರಾತ್ರಿ ನಿದ್ದೆ ಬರಲಿಲ್ಲ ನನಗೆ. ಮಾರನೇ ದಿನ ಅವರೇ ಮನೆ ಹತ್ತಿರ ಬಂದ್ರು, ಬೈಕಿಂದ ಇಳೀಲಿಲ್ಲ, "ಯಾವತ್ತು ಇಡೋಣ ಹೇಳಿಮ್ಮ" ಅಂದ್ರು. ಅಷ್ಟೇ. ನಾನು ಹೆದರಿದಷ್ಟು ಏನೂ ಇರಲಿಲ್ಲ. ಅವರಿಗೂ ಈ ಸುಳ್ಳು ಬರೆಯೋದು ಸಾಕಾಗಿತ್ತು ಅನ್ಸುತ್ತೆ.

ನಮ್ಮ ಕಡೆ ಸೋಮವಾರದ ಲೆಕ್ಕ ನಡೆಯಲ್ಲ. ಅಮಾವಾಸ್ಯೆ ದಿನ ಸಂಜೆ ಐದೂವರೆಗೆ ಇಟ್ವಿ, ಅವತ್ತು ಕೊಬ್ಬರಿ ಸುಲಿಯೋಕೂ ಜಾಸ್ತಿ ಜನ ಹೋಗಲ್ಲ. ಹಿಂದಿನ ದಿನ ದೇವಸ್ಥಾನದ ಮೈಕಲ್ಲಿ ನನ್ನ ಮಗಳೇ ಹೇಳಿದ್ಲು. ಬಂದವರು ನಲವತ್ತಾರು ಜನ, ನಾನೇ ಎಣಿಸಿದೆ. ಅದರಲ್ಲಿ ಗಂಡಸರು ಹದಿನೈದು. ಕುರ್ಚಿಗಿಂತ ಚಾಪೆ ಹಾಕಿದ್ದು ಒಳ್ಳೇದಾಯ್ತು, ಹೆಂಗಸರು ಹಿಂದೆ ನಿಲ್ಲದೆ ಮುಂದೆ ಕೂತ್ರು.

ಎಲ್ಲಾ ಚೆನ್ನಾಗಾಯ್ತು ಅಂತ ಹೇಳಲ್ಲ. ಅರ್ಧ ಗಂಟೆ ಒಂದು ಹಳೇ ಜಗಳಕ್ಕೇ ಹೋಯ್ತು, ಆಟದ ಮೈದಾನದ ಬೇಲಿ ವಿಷಯ, ಅಣ್ಣತಮ್ಮಂದಿರ ಜಮೀನಿನ ಗಲಾಟೆ ಅದು, ಶಾಲೆಗೆ ಸಂಬಂಧ ಇಲ್ಲ. ಒಬ್ಬರು ಕುಡಿದು ಬಂದಿದ್ರು. ಹೆಡ್ ಮೇಷ್ಟ್ರು ಮೊದಲೇ ಬರೆದುಕೊಂಡು ಬಂದಿದ್ದ ಭಾಷಣ ಮುಗಿಸೋಕೇ ಆಗಲಿಲ್ಲ. ಆದ್ರೆ ಕೊನೇಲಿ ಅವರು ಕಪ್ಪು ಹಲಗೆ ಮೇಲೆ ಬರೀತಾ ಹೋದ್ರು: ಐದನೇ ಕ್ಲಾಸಿನವರಿಗೆ ನವೋದಯ, ಮೊರಾರ್ಜಿ, ಆದರ್ಶ ವಿದ್ಯಾಲಯದ ಪ್ರವೇಶ ಪರೀಕ್ಷೆ, ಎಂಟಕ್ಕೆ ಎನ್‌ಎಂಎಂಎಸ್, ಕಟ್ಟಡ ಕೆಲಸದವರ ಕಾರ್ಡ್ ಇದ್ರೆ ಮಕ್ಕಳಿಗೆ ಸಿಗೋ ಸಹಾಯಧನ. ಯಾವುದಕ್ಕೆ ಯಾವ ಕಾಗದ ಈಗಲೇ ಮಾಡಿಸಿಟ್ಕೋಬೇಕು ಅಂತ. ಜಾತಿ, ಆದಾಯ ಎರಡೂ ನಾಡಕಚೇರಿಯಲ್ಲಿ. ಒಬ್ಬರು ಅಜ್ಜಿ ನನ್ನ ಹತ್ತಿರ ಬಂದು "ಇದೆಲ್ಲಾ ಮೊದಲಿಂದ್ಲೂ ಇತ್ತಾ?" ಅಂತ ಕೇಳಿದ್ರು. ಅವರ ಮೊಮ್ಮಗ ಈಗ ಹತ್ತನೇ ಕ್ಲಾಸು ಬಿಟ್ಟು ಗ್ಯಾರೇಜಲ್ಲಿದ್ದಾನೆ. ಏನು ಹೇಳ್ಬೇಕೋ ಗೊತ್ತಾಗಲಿಲ್ಲ.

ತಾಯಂದಿರ ಸಭೆ ಬೇರೆ ಇಡೋಕೆ ಒಪ್ಪಿದ್ದಾರೆ. ಅದು ಪಕ್ಕದೂರಿನ ಆಶಾ ಕಾರ್ಯಕರ್ತೆ ಜೊತೆ, ಗಂಡಸರು ಇಲ್ಲದೆ. ಆರನೇಕ್ಲಾಸ್ ಮೇಡಂ, ಅದು ನಿಮ್ಮ ಮಾತಿಂದ.

ವಾಟ್ಸಾಪಲ್ಲಿ ಈಗ ಅಡ್ಮಿನ್ ಮಾತ್ರ ಬರೆಯೋ ಹಾಗೆ ಮಾಡಿದ್ದಾರೆ. ಶುಭೋದಯದವರಿಗೆ ಬೇಜಾರಾಗಿ ಬೇರೆ ಗ್ರೂಪ್ ಮಾಡ್ಕೊಂಡಿದ್ದಾರೆ, ನಮ್ಮ ಯಜಮಾನರು ಅದರಲ್ಲೂ ಇದ್ದಾರೆ.


ಗಡಿಯಕನ್ನಡ

ಅಬ್ಬಾ, ನಲವತ್ತಾರು! ಗೋಡೆ ಪತ್ರಿಕೆ ಏನಾಯಿತು ಅಕ್ಕ?


ತೆಂಗಿನಗರಿ

ಎರಡು ಸಂಚಿಕೆ ಬಂತು. ಹೆಸರು "ಶಾಲೆ ಸಮಾಚಾರ". ಮೊದಲನೇದರಲ್ಲಿ ಬರೀ ಗಾದೆ, ಸುಭಾಷಿತ, ಗಾಂಧೀಜಿ ಚಿತ್ರ. ದೊಡ್ಡವರಿಗೆ ಇಷ್ಟ ಆಗಲಿ ಅಂತ ಮಕ್ಕಳು ಹಾಗೆ ಬರೆದಿದ್ರು. ಡೈರಿ ಹತ್ತಿರ ಒಬ್ಬರೂ ತಿರುಗಿ ನೋಡಲಿಲ್ಲ. ಎರಡನೇದಕ್ಕೆ "ನೀವು ಮನೇಲಿ ಅಮ್ಮನಿಗೆ ಏನು ಹೇಳ್ತೀರೋ ಅದನ್ನ ಬರೀರಿ" ಅಂದೆ. ಹಾಲಿನ ಸೆಕ್ರೆಟರಿ ಬೈದ್ರು, ಜನ ಓದ್ತಾ ನಿಂತು ಸಾಲು ಮುಂದೆ ಹೋಗ್ತಿಲ್ಲ ಅಂತ.


ದೂರದೂರಿನ_ಅಪ್ಪ

ಫೋಟೋ ಹಾಕಿ ಪ್ಲೀಸ್.


ತೆಂಗಿನಗರಿ

ಫೋಟೋ ಬೇಡ, ಮಕ್ಕಳ ಹೆಸರಿದೆ. ಬರೆದು ಹಾಕ್ತೀನಿ, ಕಾಗುಣಿತ ಮಾತ್ರ ನಾನು ತಿದ್ದಿದ್ದೀನಿ.

"ಸೋಮವಾರ ಮೊಟ್ಟೆ ಬರಲಿಲ್ಲ. ಬಾಳೆಹಣ್ಣು ಕೊಟ್ಟರು. ಮಂಗಳವಾರ ಮೊಟ್ಟೆ ಬಂತು.

ನೀರಿನ ಟ್ಯಾಂಕಿನ ಮುಚ್ಚಳ ಗಾಳಿಗೆ ಹಾರಿಹೋಗಿದೆ. ಏಳನೇ ತರಗತಿಯವರು ಕಲ್ಲು ಇಟ್ಟು ಸಿಮೆಂಟ್ ಚೀಲ ಮುಚ್ಚಿದ್ದಾರೆ. ಇದು ಸರಿಯಾದ ಮುಚ್ಚಳ ಅಲ್ಲ.

ನಮ್ಮ ಗಣಿತ ಮೇಡಂಗೆ ಗಂಟಲು ಸರಿ ಇಲ್ಲ. ಆದ್ದರಿಂದ ಮೂರು ದಿನ ಬೈಯಲಿಲ್ಲ.

ಕೈತೋಟದಲ್ಲಿ ನುಗ್ಗೆಸೊಪ್ಪು ಚೆನ್ನಾಗಿ ಬಂದಿದೆ. ಗುರುವಾರ ಸಾಂಬಾರಿಗೆ ಹಾಕಿದರು. ಅರ್ಧ ಜನ ಎತ್ತಿ ಪಕ್ಕಕ್ಕೆ ಇಟ್ಟರು.

ಐದನೇ ತರಗತಿಯವರ ಅಪ್ಪ ಅಮ್ಮಂದಿರಿಗೆ: ಮೊರಾರ್ಜಿ ಶಾಲೆಯ ಅರ್ಜಿಗೆ ಜಾತಿ, ಆದಾಯ ಪತ್ರ ಬೇಕು. ಈಗಲೇ ಮಾಡಿಸಿ. ನಮ್ಮ ಅಕ್ಕನಿಗೆ ತಪ್ಪಿಹೋಗಿದೆ.

ಕಳೆದುಹೋಗಿದೆ: ಒಂದು ಎಡಗಾಲಿನ ಕಪ್ಪು ಶೂ. ಸಿಕ್ಕಿದವರು ಆರನೇ ತರಗತಿಗೆ ತಂದು ಕೊಡಿ. ಬಲಗಾಲಿನದು ನಮ್ಮ ಹತ್ತಿರ ಇದೆ."